ಹಳೆಯ ಕೋವಿಯ ಬೆಲೆ

ನನ್ನ ತಂದೆಯವರು ಅರಣ್ಯ ಇಲಾಖೆಯ ಮರದ ಡಿಪೋ ಒಂದರಲ್ಲಿ ಗುಮಾಸ್ತರಾಗಿದ್ದರು. ಅಲ್ಲಿ ಆಗಾಗ ತೇಗ ಬೀಟೆಗಳ ಹರಾಜು ನಡೆಯುತ್ತಿತ್ತು. ಶಾಲೆಗೆ ರಜೆಯಿದ್ದ ದಿನವಾದರೆ ನಾನೂ ಹೋಗಿ ದಿಮ್ಮಿಯೊಂದರ ಮೇಲೆ ಕುಳಿತು ನೋಡುತ್ತಿದ್ದೆನು. "ಒಂದು ಸಲ, ಎರಡು ಸಲ" ಎಂದು ಕೂಗುವವನ ಕಂಠ ಏರಿದ ಹಾಗೆಲ್ಲ ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತು. ತಂದೆಯವರು ಮಾತ್ರ ನಗುತ್ತಿದ್ದರು. "ಬೆಲೆ ಆಗುವುದು ಇಲ್ಲಲ್ಲ, ಮಗು, ಅದು ಬೆಳಿಗ್ಗೆಯೇ ಎದುರಿನ ಕಾಫಿ ಹೋಟೆಲಿನಲ್ಲಿ ಆಗಿಹೋಗಿದೆ" ಎಂದು ಅವರು ಒಮ್ಮೆ ಹೇಳಿದರು. ವ್ಯಾಪಾರಿಗಳು ತಮ್ಮತಮ್ಮೊಳಗೆ ಮಾತಾಡಿಕೊಂಡು, ಇಂಥ ರಾಶಿಗೆ ಇಂಥವನು ಕೂಗತಕ್ಕದ್ದು, ಉಳಿದವರು ಸುಮ್ಮನಿರತಕ್ಕದ್ದು ಎಂದು ಗೊತ್ತುಮಾಡಿಕೊಂಡು ಬರುತ್ತಿದ್ದರಂತೆ. ಹರಾಜಿನ ವಿಷಯದಲ್ಲಿ ನಾನು ತಿಳಿದವನೆಂಬ ಭ್ರಮೆ ನನಗೆ ಅಂದೇ ಹುಟ್ಟಿತು. ಐವತ್ತು ವರ್ಷಗಳ ತರುವಾಯ ಆ ಭ್ರಮೆ ಬಿಟ್ಟುಹೋದುದು ಪರದೇಶದಲ್ಲಿ, ಒಬ್ಬ ವೃದ್ಧೆಯ ಹಣದ ಖರ್ಚಿನಲ್ಲಿ. ಆ ಸಂಗತಿಯನ್ನೇ ಈಗ ಹೇಳಬೇಕೆಂದಿದ್ದೇನೆ.

2022ರ ಬೇಸಗೆಯಲ್ಲಿ ನಾನು ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಿರುವ ಮಗಳ ಮನೆಗೆ ಹೋಗಿದ್ದೆನು. ನೆರೆಮನೆಯಲ್ಲಿ ಎಪ್ಪತ್ತೈದು ದಾಟಿದ ಮುದುಕಿಯೊಬ್ಬರು ಒಂಟಿಯಾಗಿದ್ದರು. ಅವರ ಯಜಮಾನರು ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಮನೆಯ ಮಾಡು ಸೋರುತ್ತಿತ್ತು; ಅದನ್ನು ಹೊಸದಾಗಿ ಹೊದಿಸಲು ಹಣ ಬೇಕಾಗಿತ್ತು. ನೆಲಮಾಳಿಗೆಯ ಕಬ್ಬಿಣದ ಬೀರುವಿನಲ್ಲಿ ಯಜಮಾನರು ನಲುವತ್ತು ವರ್ಷಗಳಿಂದ ಕೂಡಿಟ್ಟಿದ್ದ ಕೋವಿಗಳಿದ್ದುವು. ಪಟ್ಟಣದ ಆಯುಧವ್ಯಾಪಾರಿಯೊಬ್ಬನು ಬಂದು ಒಂದೊಂದಕ್ಕೂ ಒಂದೊಂದು ಬೆಲೆ ಬರೆದುಕೊಟ್ಟು ಹೋಗಿದ್ದನು. ಅದು ನ್ಯಾಯವೇ ಅನ್ಯಾಯವೇ ಎಂಬುದು ಆಕೆಗೆ ತಿಳಿಯದು. "ನಮ್ಮ ಅಪ್ಪನ ಊರಿನಲ್ಲಿ ಮನೆಮನೆಯಲ್ಲೂ ಕೋವಿಯುಂಟು" ಎಂದು ನನ್ನ ಮಗಳು ಯಾವಾಗಲೋ ಮಾತಿಗೆ ಹೇಳಿದ್ದಳು. ಅಷ್ಟು ಸಾಕಾಯಿತು, ಆ ಮಹಾತಾಯಿ ಚೀಟಿಯನ್ನು ಹಿಡಿದುಕೊಂಡು ನನ್ನಲ್ಲಿಗೇ ಬಂದರು.

ಕೊಡಗಿನವನಾದ ಮಾತ್ರಕ್ಕೆ ಕೋವಿಯ ವಿದ್ಯೆ ಬರುವುದಾಗಿದ್ದರೆ ಎಷ್ಟು ಚೆನ್ನಾಗಿತ್ತು! ನಾನು ಮಡಿಕೇರಿಯಲ್ಲಿ ಮಕ್ಕಳಿಗೆ ವ್ಯಾಕರಣ ಹೇಳಿಕೊಂಡಿದ್ದವನು. ನಮ್ಮ ಮನೆಯಲ್ಲಿ ಕೋವಿ ಇರಲಿಲ್ಲ. ನೆರೆಯ ಕೊಡವರ ಮನೆಗಳಲ್ಲಿ ಕೈಲ್ ಮುಹೂರ್ತದ ದಿನ ಕೋವಿಯನ್ನು ತಿಕ್ಕಿ ತೊಳೆದು, ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸಿ ಪೂಜೆಗಿಡುವುದನ್ನು ಕಂಡಿದ್ದೆನು. ಅಲ್ಲಿ ಕೋವಿಗೆ ಬೆಲೆ ಕಟ್ಟುವ ಮಾತೇ ಇಲ್ಲ. ಮಗ ಹುಟ್ಟಿದರೆ ಅದರ ಸದ್ದು, ಮನೆಯ ಹಿರಿಯ ಹೋದರೆ ಅದರ ಸದ್ದು. ಲೈಸೆನ್ಸಿನ ವಿನಾಯಿತಿಯನ್ನು ಕೇಂದ್ರ ಸರ್ಕಾರದವರು 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿದುದು ನಮ್ಮ ಓದುಗರಿಗೆ ಗೊತ್ತೇ ಇದೆ. ಆದರೆ ಮಾರುವ ವಸ್ತುವಾಗಿ ಕೋವಿಯನ್ನು ನಾನು ಎಂದೂ ನೋಡಿದವನಲ್ಲ. ಹೀಗಿದ್ದರೂ ಕೇಳಬಂದವರ ಮುಂದೆ "ನನಗೆ ತಿಳಿಯದು" ಎನ್ನಲು ಮೇಷ್ಟರ ಬಾಯಿಗೆ ಅಭ್ಯಾಸವಿಲ್ಲ. ಹರಾಜಿನ ವಿಷಯ ನನಗೆ ಗೊತ್ತು ಎಂದೆನು.

ಆ ದೇಶದಲ್ಲಿ ಹಳೆಯ ಕೋವಿಗಳ ಹರಾಜು ಈಗ ಹೆಚ್ಚಾಗಿ ನಡೆಯುವುದು ಇಂಟರ್ನೆಟ್ಟಿನಲ್ಲಿ. ಈಬೇ ಎಂಬ ಹೆಸರಾಂತ ಹರಾಜುಕಟ್ಟೆಯವರು 1999ರಲ್ಲಿ ಆಯುಧಗಳ ಮಾರಾಟವನ್ನು ನಿಷೇಧಿಸಿದರು. ಅದೇ ವರ್ಷ ಗನ್‌ಬ್ರೋಕರ್ ಎಂಬ ಬೇರೊಂದು ಕಟ್ಟೆ, ಅದಕ್ಕೆಂದೇ ಹುಟ್ಟಿಕೊಂಡಿತು. ಕೋವಿ ನೇರವಾಗಿ ಕೊಂಡವನ ಮನೆಗೆ ಹೋಗುವುದಿಲ್ಲ. ಹೊರ ಸಂಸ್ಥಾನದವನು ಕೊಂಡರೆ ಅವನ ಊರಿನ ಲೈಸೆನ್ಸುದಾರ ವ್ಯಾಪಾರಿಗೆ ಕಳುಹಿಸಬೇಕು, ಅಲ್ಲಿ ಕೊಂಡವನ ಪೂರ್ವಾಪರ ವಿಚಾರಣೆ ನಡೆದಮೇಲೆ ಕೈಗೆ ಸಿಕ್ಕಬೇಕು. ಇಷ್ಟೆಲ್ಲ ತೊಡಕಿದ್ದರೂ ಜನ ಅಲ್ಲಿ ಹಗಲಿರುಳು ಸವಾಲು ಹಾಕುತ್ತಾರೆ. ನನ್ನ ಅಳಿಯಂದಿರು ಕಂಪ್ಯೂಟರಿನಲ್ಲಿ ಅದನ್ನು ತೆರೆದು ತೋರಿಸಿದರು. ಮುಗಿದುಹೋದ ಹರಾಜುಗಳ ಬೆಲೆಯನ್ನೂ ಅಲ್ಲಿ ಹುಡುಕಿ ನೋಡಬಹುದು. ನಮ್ಮ ಡಿಪೋದಲ್ಲಿ ತಂದೆಯವರ ಬೀಗದ ಪೆಟ್ಟಿಗೆಯಲ್ಲಿರುತ್ತಿದ್ದ ಲೆಕ್ಕದ ಪುಸ್ತಕವೇ ಇಲ್ಲಿ ಲೋಕದ ಮುಂದೆ ಬಿಚ್ಚಿಟ್ಟಿದ್ದ ಹಾಗಿತ್ತು. ಅಲ್ಲದೆ, ಕೊಳ್ಳುವವರು ಒಬ್ಬರ ಮುಖವನ್ನೊಬ್ಬರು ಕಾಣರು. ಎದುರಿಗೆ ಕಾಫಿ ಹೋಟೆಲಿಲ್ಲ. ಇದಲ್ಲವೆ ನ್ಯಾಯವಾದ ಹರಾಜು ಎಂದು ನನಗೆ ಬಹಳ ಸಂತೋಷವಾಯಿತು.

ಆಕೆಯ ಮನಸ್ಸಿನಲ್ಲಿದ್ದ ಲೆಕ್ಕ ಬೇರೆ. ಹಿಂದಿನ ವರ್ಷ, 2021ರ ಆಗಸ್ಟಿನಲ್ಲಿ, ಬಿಲ್ಲಿ ದಿ ಕಿಡ್ ಎಂಬ ಕಳ್ಳನನ್ನು ಪ್ಯಾಟ್ ಗ್ಯಾರೆಟ್ ಎಂಬ ಶೆರೀಫನು 1881ರಲ್ಲಿ ಕೊಂದ ಕೋಲ್ಟ್ ರಿವಾಲ್ವರು 60 ಲಕ್ಷ ಡಾಲರುಗಳಿಗೂ ಮೀರಿ ಹೋಗಿತ್ತು. ಹರಾಜುಮನೆಯವರು ಅಂದಾಜು ಮಾಡಿದ್ದುದು 20ರಿಂದ 30 ಲಕ್ಷ. ಆ ಸುದ್ದಿ ಪತ್ರಿಕೆಗಳಲ್ಲೆಲ್ಲ ಬಂದುದರಿಂದ, ಹಳೆಯ ಪಿಸ್ತೂಲು ಇಟ್ಟುಕೊಂಡವರೆಲ್ಲ ತಮ್ಮ ಪೆಟ್ಟಿಗೆಯನ್ನು ಇನ್ನೊಮ್ಮೆ ತೆಗೆದು ನೋಡುವಂತಾಯಿತು. ನಾನೂ ನನ್ನ ಕಡೆಯಿಂದ ಒಂದು ಕಥೆ ಸೇರಿಸಿದೆನು: 2015ರ ಏಪ್ರಿಲಿನಲ್ಲಿ ಲಂಡನ್ನಿನ ಬೋನಮ್ಸ್ ಹರಾಜುಮನೆಯಲ್ಲಿ, ಟಿಪ್ಪುಸುಲ್ತಾನನಿಗೂ ಅವನ ಆಸ್ಥಾನಕ್ಕೂ ಸಂಬಂಧಿಸಿದ ಮೂವತ್ತು ಆಯುಧಾದಿಗಳ ಸಂಗ್ರಹವೊಂದು 60 ಲಕ್ಷ ಪೌಂಡುಗಳನ್ನು ಮೀರಿತು, ಶ್ರೀರಂಗಪಟ್ಟಣದಲ್ಲಿ ಮಾಡಿದ, ಹುಲಿಯ ಮುಖವಿಟ್ಟ ಚಕಮಕಿ ಬಂದೂಕುಗಳೂ ಅದರಲ್ಲಿದ್ದುವು ಎಂದು ಹೇಳಿದೆನು. ಟಿಪ್ಪುವಿನ ಹೆಸರು ಕೇಳಿದರೆ ನಮ್ಮ ಸೀಮೆಯಲ್ಲಿ ಏಳುವ ಭಾವನೆಗಳು ಹಲವು. ಹರಾಜಿನವನಿಗೆ ಅದೊಂದೂ ಬೇಕಿಲ್ಲ, ಹೆಸರು ನಿಜವಾದುದೆಂಬುದಕ್ಕೆ ಕಾಗದವಿದ್ದರೆ ಸಾಕು. ಕಬ್ಬಿಣಕ್ಕೆ ಸಾವಿರ, ಹೆಸರಿಗೆ ಲಕ್ಷ. ಆದರೆ ನಮ್ಮ ಮುದುಕಿಯ ಗಂಡನವರು ಹೆಸರುವಾಸಿಗಳಲ್ಲ. ಅವರು ಅಂಚೆಯ ಕೆಲಸದಲ್ಲಿದ್ದವರು.

ಮೊದಲು ಆಕೆ ತೋರಿಸಿದುದು ವಿಂಚೆಸ್ಟರ್ ಕಂಪೆನಿಯವರ ಒಂದು ಸ್ಮಾರಕ ಕೋವಿಯನ್ನು. ಬಫೆಲೋ ಬಿಲ್ ಎಂಬ ಪ್ರಸಿದ್ಧ ಪುರುಷನ ಹೆಸರಿನಲ್ಲಿ 1968ರಲ್ಲಿ ಹೊರತಂದದ್ದು. ಕೆತ್ತನೆಯ ಪದಕ, ಹೊಳಪು, ಚೆಂದದ ಪೆಟ್ಟಿಗೆ. ಯಜಮಾನರು ಅದರಿಂದ ಒಂದು ಗುಂಡನ್ನೂ ಹಾರಿಸದೆ, ಮುಪ್ಪಿನಲ್ಲಿ ಒದಗುವ ಆಸ್ತಿಯೆಂದು ಕಾಪಾಡಿದ್ದರು. ಪಾಪ! ಊರಿನ ಸಂತೆಯಲ್ಲಿ ವರ್ಷಕ್ಕೊಮ್ಮೆ ಒಂದು ಕಾಣುತ್ತಿದ್ದ ಕಾಲದಲ್ಲಿ ಅದು ದುರ್ಲಭವೆಂದೇ ತೋರುತ್ತಿದ್ದಿರಬೇಕು. ಅಳಿಯಂದಿರು ಹೆಸರನ್ನು ಬರೆದು ಹುಡುಕಿದ ಕೂಡಲೆ ಅದೇ ಕೋವಿ, ಅದೇ ಪೆಟ್ಟಿಗೆ, ಅದೇ ಹೊಳಪು, ಒಂದರ ಕೆಳಗೊಂದು ಸಾಲುಗಟ್ಟಿ ನಿಂತುವು. ಕಂಪೆನಿಯವರು ಲಕ್ಷಕ್ಕೂ ಮೇಲ್ಪಟ್ಟು ಮಾಡಿದ್ದರು. ಕೊಂಡವರೆಲ್ಲರೂ ಇವರಂತೆಯೇ ಹಾರಿಸದೆ ಕಾಪಾಡಿದ್ದರು. ಎಲ್ಲರೂ ಕಾಪಾಡಿದ ವಸ್ತು ಅಪೂರ್ವವಾಗುವುದೆಂತು? ಐವತ್ತು ಮನೆಗಳ ಬೀರುಗಳಲ್ಲಿ ಒಬ್ಬರಿಗೊಬ್ಬರು ತಿಳಿಯದೆ ಕುಳಿತಿದ್ದುವನ್ನು ಒಂದೇ ಕಟ್ಟೆಯ ಮೇಲೆ ನಿಲ್ಲಿಸಿದ್ದೇ ಈ ಜಾಲದ ಹರಾಜು ಮಾಡಿದ ಕೆಲಸ. ಆಕೆ ಆ ಸಾಲನ್ನು ಬಹಳ ಹೊತ್ತು ನೋಡಿ, ಒಂದು ಮಾತನ್ನೂ ಆಡದೆ ಪೆಟ್ಟಿಗೆಯನ್ನು ಮುಚ್ಚಿದರು. ವ್ಯಾಪಾರಿ ಬರೆದ ಬೆಲೆಯೇ ಸರಿಯಾಗಿತ್ತು.

ಇನ್ನೊಂದು, ಕೋಲ್ಟ್ ಪೈಥಾನ್ ಎಂಬ ರಿವಾಲ್ವರು. ಅದರ ನೀಲಿಯ ಬಣ್ಣ ನೇರಳೆಹಣ್ಣಿನ ಸಿಪ್ಪೆಯನ್ನು ನೆನಪಿಗೆ ತರುತ್ತಿತ್ತು. ಯಜಮಾನರು ಉಪಯೋಗಕ್ಕೆಂದು ಕೊಂಡದ್ದು. ಆಸ್ತಿಯೆಂದು ಎಣಿಸಿಯೇ ಇರಲಿಲ್ಲ. 1955ರಲ್ಲಿ ಹುಟ್ಟಿದ ಆ ಮಾದರಿಯ ತಯಾರಿಕೆ 2005ರ ಹೊತ್ತಿಗೆ ನಿಂತಿತು. 2010ರಲ್ಲಿ ಮೊದಲಾದ ಒಂದು ಟೆಲಿವಿಷನ್ ನಾಟಕದಲ್ಲಿ ಕಥಾನಾಯಕನ ಕೈಗೆ ಅದನ್ನು ಕೊಟ್ಟರು. ಮಾಡುವವರಿಲ್ಲ, ಕೇಳುವವರು ಹೆಚ್ಚಿದರು. ಕೇಳುವವರೆಲ್ಲ ಒಂದೇ ಕಟ್ಟೆಗೆ ಬಂದರು. ಕಂಪೆನಿಯವರು 2020ರಲ್ಲಿ ಹೊಸದಾಗಿ ಅದನ್ನು ತಯಾರಿಸತೊಡಗಿದರೂ ಕೈಗೆಲಸದ ಹಳೆಯದೇ ಬೇಕೆನ್ನುವವರು ಉಳಿದಿದ್ದರು. ವ್ಯಾಪಾರಿ ಬರೆದುದಕ್ಕಿಂತ ಅರ್ಧಪಾಲು ಹೆಚ್ಚಿಗೆ ಅದು ಹೋಯಿತು. ಇದರಿಂದ ನನ್ನ ಪಾಂಡಿತ್ಯಕ್ಕೆ ಕೋಡು ಮೂಡಿತು.

ಮೂರನೆಯದು ಯಜಮಾನರ ಅಜ್ಜನಿಂದ ಬಂದ ಕೋವಿ: ವಿಂಚೆಸ್ಟರ್ 1894ರ ಮಾದರಿ. ಸನ್ನೆಯಂತಿರುವ ಕೊಂಡಿಯನ್ನು ಕೆಳಕ್ಕೆಳೆದು ತೋಟೆ ತುಂಬುವ ಬಗೆಯದು. ಜಾನ್ ಬ್ರೌನಿಂಗ್ ಎಂಬ ಶಿಲ್ಪಿಯ ಕಲ್ಪನೆ. ಈ ಮಾದರಿಯೇನೋ ಲಕ್ಷಗಟ್ಟಲೆ ಬಂದಿದೆ. ಆದರೆ ಇದರ ಮೇಲಿನ ಅಂಕೆಯನ್ನು ವಯೋಮಿಂಗ್ ಸಂಸ್ಥಾನದ ಕೋಡಿ ಪಟ್ಟಣದ ವಸ್ತುಸಂಗ್ರಹಾಲಯಕ್ಕೆ ಬರೆದು ಕೇಳಿದಾಗ, ಅಲ್ಲಿರುವ ಕಂಪೆನಿಯ ಹಳೆಯ ದಫ್ತರದಿಂದ, ಇದು 1897ರದೆಂದು ಉತ್ತರ ಬಂದಿತು. ಇದರಲ್ಲಿ ಒಂದು ದೊಡ್ಡ ಮರ್ಮವುಂಟು. 1968ರ ಕಾನೂನಿನ ಪ್ರಕಾರ 1898ರಲ್ಲಿ ಅಥವಾ ಅದಕ್ಕೆ ಮೊದಲು ಮಾಡಿದ ಕೋವಿ ಸಂಯುಕ್ತ ಸಂಸ್ಥಾನದ ಸರ್ಕಾರದ ಕಣ್ಣಿಗೆ ಕೋವಿಯೇ ಅಲ್ಲ, ಪುರಾತನ ವಸ್ತು. ಅದನ್ನು ಅಂಚೆಯಲ್ಲಿ ನೇರವಾಗಿ ಮನೆಗೇ ತರಿಸಬಹುದು. ಒಂದೇ ಅಚ್ಚಿನಲ್ಲಿ ಹುಟ್ಟಿದ ಎರಡು ಕೋವಿಗಳಲ್ಲಿ 1898ರದಕ್ಕೆ ಒಂದು ಬೆಲೆ, ಮರುವರ್ಷದ್ದಕ್ಕೆ ಅದಕ್ಕಿಂತ ಕಡಿಮೆ ಬೆಲೆ!

ಈ ನಿಯಮದಿಂದಲೇ ನನಗೆ ಕೇಡು ಬಂದಿತು. ನನ್ನಂತೆ ವೀಸಾದ ಮೇಲೆ ಬಂದ ಪ್ರವಾಸಿಗಳು ಆ ದೇಶದಲ್ಲಿ ಕೋವಿ ಇಟ್ಟುಕೊಳ್ಳಬಾರದೆಂದು ಕಾನೂನು. ಆದಕಾರಣ ಉಳಿದುವನ್ನು ನಾನು ಕೈಕಟ್ಟಿ ನಿಂತು ನೋಡಿದೆನೇ ಹೊರತು ಮುಟ್ಟಲಿಲ್ಲ. ಕೋವಿಯಲ್ಲದ ಈ ಕೋವಿಯೊಂದನ್ನು ಮುಟ್ಟಬಹುದಾಗಿತ್ತು. ಮುಟ್ಟಿದೆನು.

ವ್ಯಾಪಾರಿ ಅದಕ್ಕೆ 1000 ಡಾಲರು ಎಂದು ಬರೆದಿದ್ದನು. ಅಂಥದೇ ಕೋವಿಗಳು 2000ಕ್ಕೂ ಮೀರಿ ಹೋಗಿದ್ದುದನ್ನು ಮುಗಿದ ಹರಾಜುಗಳಲ್ಲಿ ನಾವು ಕಂಡಿದ್ದೆವು. "ಕೊಡಬೇಡಿ, ನಾವೇ ಹರಾಜಿಗೆ ಇಡೋಣ" ಎಂದು ಹೇಳಿದವನು ನಾನೇ. ಛಾಯಾಚಿತ್ರ ತೆಗೆಯಬೇಕಾಗಿತ್ತು. ಆ ದಿನ ಸೆಪ್ಟೆಂಬರ್ 3ನೆಯ ತಾರೀಖು. ಊರಿನಲ್ಲಿ ಕೈಲ್ ಮುಹೂರ್ತ. ಮನೆಮನೆಯ ಕೋವಿಗಳೂ ಮಿಂದು ಹೂ ಮುಡಿಯುವ ದಿನದಲ್ಲಿ, ನೂರಿಪ್ಪತ್ತೈದು ವರ್ಷದ ಈ ಹಿರಿಯ ಮಾತ್ರ ಕಂದು ಬಣ್ಣ ಹಿಡಿದು, ಮಸುಕಾಗಿ, ಮೇಜಿನ ಮೇಲೆ ಬಿದ್ದಿದ್ದನು. ತೊಳೆಯಲೇ ಎಂದು ಕೇಳಿದೆನು. ಆಕೆ, ನಿಮಗೆ ತಿಳಿದ ಹಾಗೆ ಮಾಡಿ ಎಂದರು. ಮಗಳ ಅಡಿಗೆಮನೆಯಿಂದ ಹುಣಸೆಹಣ್ಣು ತಂದು ನೆನಸಿದೆನು. ಪಾತ್ರೆ ತಿಕ್ಕುವ ಉಕ್ಕಿನ ನಾರು ತಂದೆನು. ಮೂರು ಗಂಟೆಗಳ ಕಾಲ ಬೆವರು ಸುರಿಸಿ ತಿಕ್ಕಿ, ಎಣ್ಣೆ ಸವರಿ, ಸಂಜೆಯ ಬಿಸಿಲಿಗೆ ಹಿಡಿದಾಗ ಕಬ್ಬಿಣ ಬೆಳ್ಳಿಯ ಹಾಗೆ ಬೆಳಗಿತು. ಬಹಳ ವರ್ಷಗಳಿಂದ ಅಂಥ ತೃಪ್ತಿಯನ್ನು ನಾನು ಪಟ್ಟಿರಲಿಲ್ಲ.

ಅಳಿಯಂದಿರು ಕಚೇರಿಯಿಂದ ಬಂದು ನೋಡಿದರು. ಅವರ ಮುಖ ಕಂಡೇ ನನಗೆ ಏನೋ ಆಗಿದೆಯೆಂದು ಗೊತ್ತಾಯಿತು. "ಮಾವ, ಆ ಕಂದುಬಣ್ಣವೇ ಅದರ ಬೆಲೆಯಾಗಿತ್ತು" ಎಂದರು, ಮತ್ತೇನನ್ನೂ ಹೇಳಲಿಲ್ಲ.

ಕಾರ್ಖಾನೆಯಲ್ಲಿ ಕೊಟ್ಟ ನೀಲಿಯ ಬಣ್ಣವು ಕಾಲಕ್ರಮದಲ್ಲಿ ಮಾಗಿ ಕಂದಾಗುತ್ತದೆ. ಸಂಗ್ರಹಕಾರರು ಅದನ್ನು ನಾವು ತಾಳೆಗರಿಯ ಅಕ್ಷರಗಳನ್ನು ಓದುವಂತೆ ಓದುತ್ತಾರೆ. ಎಲ್ಲಿ ಕೈ ಹಿಡಿದಿತ್ತು, ಎಲ್ಲಿ ಜೀನಿನ ಚೀಲಕ್ಕೆ ಉಜ್ಜಿತು, ಯಾರೂ ಬಿಚ್ಚಿ ಜೋಡಿಸಿಲ್ಲವೆಂಬುದಕ್ಕೆ ಸಾಕ್ಷಿಯೇನು, ಎಲ್ಲವೂ ಅದರಲ್ಲಿರುತ್ತದೆ. ಮೂಲದ ಬಣ್ಣ ನೂರಕ್ಕೆ ಎಷ್ಟು ಪಾಲು ಉಳಿದಿದೆ ಎಂದು ಎಣಿಸಿ ಬೆಲೆ ಕಟ್ಟುವ ಪದ್ಧತಿ ಅವರಲ್ಲಿ ಹಿಂದಿನಿಂದಲೂ ಉಂಟು. ಅದಕ್ಕಾಗಿ ಬೆಲೆಯ ಪುಸ್ತಕಗಳೇ ಇವೆ. ಆದರೆ ಜಾಲದ ಹರಾಜಿನಲ್ಲಿ ಈ ಕಟ್ಟು ಇನ್ನೂ ಬಿಗಿಯಾಗಿದೆ. ಅಂಗಡಿಯಲ್ಲಾದರೆ ಕೊಳ್ಳುವವನು ಕೋವಿಯನ್ನು ಎತ್ತಿ, ತೂಗಿ, ಕೊಂಡಿಯನ್ನು ಎಳೆದು, ಅದರ ಮೇಲೆ ಮನಸ್ಸಾಗಿ ಒಂದು ಕುಂದನ್ನು ಕ್ಷಮಿಸಬಹುದು. ಸಾವಿರ ಮೈಲು ದೂರದವನಿಗೆ ಇಪ್ಪತ್ತು ಚಿತ್ರಗಳಲ್ಲದೆ ಬೇರೇನಿದೆ? ಆದುದರಿಂದ ಅವನು ಚಿತ್ರದಲ್ಲಿ ಕಂಡ ಸಣ್ಣ ಕುಂದನ್ನು ದೊಡ್ಡದಾಗಿ ಎಣಿಸುತ್ತಾನೆ. ಕುಂದಿಲ್ಲದ್ದಕ್ಕೆ ಮಿತಿಮೀರಿ ಕೊಡುತ್ತಾನೆ. ನಮ್ಮಲ್ಲಿ ದೀಪವನ್ನೂ ದೇವರನ್ನೂ ಬೆಳಗುವುದೇ ಭಕ್ತಿ. ಅಲ್ಲಿ ಅದೇ ಅಪಚಾರ. ಎರಡರಲ್ಲಿ ಯಾವುದೂ ಮೂರ್ಖತನವೆಂದು ನನಗೆ ಈಗಲೂ ತೋರುವುದಿಲ್ಲ. ಆದರೆ ಕೋವಿ ಅವರದಾಗಿತ್ತು.

ವಿವರಣೆಯಲ್ಲಿ ಇದನ್ನು ಬರೆಯಬೇಕೇ ಬೇಡವೇ ಎಂಬ ಮಾತು ಬಂದಿತು. ಚಿತ್ರವೇ ಹೇಳುತ್ತದೆ, ಬರೆಯುವುದೇಕೆ ಎಂದು ನನ್ನ ನಾಲಗೆಯ ತುದಿಗೆ ಬಂದಿತ್ತು. ಆಕೆಯೇ, ಬರೆಯಿರಿ ಎಂದರು. "ಇತ್ತೀಚೆಗೆ ಸ್ನೇಹಿತರೊಬ್ಬರು ತಿಕ್ಕಿ ಶುಚಿಮಾಡಿದ್ದಾರೆ" ಎಂದು ಬರೆದೆವು. ನೋಡಿದವನೊಬ್ಬನು, ಯಾವ ವಸ್ತುವಿನಿಂದ ತಿಕ್ಕಿದಿರಿ ಎಂದು ಪ್ರಶ್ನೆ ಕಳುಹಿಸಿದನು. ಹುಣಸೆಹಣ್ಣು ಎಂದು ಉತ್ತರ ಕೊಟ್ಟೆವು. ಅವನಿಂದ ಮತ್ತೆ ಪ್ರಶ್ನೆ ಬರಲಿಲ್ಲ.

ಕನಿಷ್ಠ ಬೆಲೆಯನ್ನು ಕಟ್ಟದೆ ಒಂದು ಡಾಲರಿನಿಂದ ಸವಾಲು ಮೊದಲಾಗಲಿ ಎಂದುದೂ ನನ್ನ ಬುದ್ಧಿಯೇ. ಅದು ಪೂರ್ತಿ ತಪ್ಪಲ್ಲ. ಅಗ್ಗವೆಂದು ಹತ್ತು ಜನ ಒಳಗೆ ಬಂದರೆ ಒಬ್ಬರನ್ನು ನೋಡಿ ಒಬ್ಬರಿಗೆ ಛಲ ಹುಟ್ಟುತ್ತದೆ. ಒಂದು ವಾರ ಕಳೆದು ಭಾನುವಾರ ರಾತ್ರಿ ಗಡುವು. ನಾವು ನಾಲ್ವರೂ ಪರದೆಯ ಮುಂದೆ ಕುಳಿತೆವು. ಈ ಕಟ್ಟೆಯ ನಿಯಮ ನಮ್ಮ ಡಿಪೋದ "ಮೂರು ಸಲ"ವನ್ನೇ ಹೋಲುತ್ತದೆ: ಕೊನೆಯ ಹದಿನೈದು ನಿಮಿಷಗಳೊಳಗೆ ಯಾರಾದರೂ ಸವಾಲು ಹಾಕಿದರೆ, ಹದಿನೈದು ನಿಮಿಷ ಯಾರೂ ಹಾಕದಿರುವ ತನಕ ಗಡುವು ಮುಂದೆ ಹೋಗುತ್ತಿರುತ್ತದೆ. ಈಬೇಯಲ್ಲಿ ಹಾಗಲ್ಲ, ಅಲ್ಲಿ ಗಂಟೆ ಹೊಡೆದರೆ ಮುಗಿಯಿತು, ಆದಕಾರಣ ಜನ ಹೊಂಚುಹಾಕಿ ಕೊನೆಯ ಕ್ಷಣದಲ್ಲಿ ಎರಗುತ್ತಾರೆ. ಇಲ್ಲಿ ಹೊಂಚು ನಡೆಯದು. ಬೆಲೆ ಐನೂರು, ಆರುನೂರು ಎಂದು ಏರಿತು. ಗಡುವು ಮೂರು ಸಲ ಮುಂದೆ ಹೋಯಿತು. ಒಂಬೈನೂರರ ಹೊತ್ತಿಗೆ ಇಬ್ಬರೇ ಉಳಿದರು. 940ಕ್ಕೆ ಒಬ್ಬನು ನಿಂತುಬಿಟ್ಟನು. ಹದಿನೈದು ನಿಮಿಷ ನಾವು ಯಾರೂ ಉಸಿರೆತ್ತಲಿಲ್ಲ. ಆಮೇಲೆ ಪರದೆಯ ಮೇಲೆ, ಮಾರಾಟವಾಯಿತು ಎಂಬ ಮಾತು ಬಂದಿತು.

ಗೆದ್ದವನು ತನ್ನ ಮನಸ್ಸಿನ ಗರಿಷ್ಠ ಮೊತ್ತವನ್ನು ಮೊದಲೇ ಯಂತ್ರಕ್ಕೆ ಹೇಳಿಟ್ಟಿರುತ್ತಾನೆ. ಯಂತ್ರವು ಎದುರಾಳಿಗಿಂತ ಒಂದು ಮೆಟ್ಟಿಲು ಮಾತ್ರ ಮೇಲಕ್ಕೆ ಅವನ ಪರವಾಗಿ ಕೂಗುತ್ತದೆ. ಅವನು 2000ಕ್ಕೂ ಸಿದ್ಧನಾಗಿದ್ದನೋ ಏನೋ. ಆ ಅಂಕೆ ನಮಗೆ ಎಂದೂ ಕಾಣುವುದಿಲ್ಲ. ಬೆಲೆಯನ್ನು ಕಟ್ಟಿದವನು ಗೆದ್ದವನಲ್ಲ. ಸೋತು ಎದ್ದುಹೋದ ಎರಡನೆಯವನು. ಹೀಗಾಗುವುದೆಂದು ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞರು 1961ರಲ್ಲಿಯೇ ವಿವರಿಸಿದ್ದಾರೆ. ನನ್ನ ಹುಣಸೆಹಣ್ಣು ಕೋವಿಯ ಬಣ್ಣವನ್ನು ಮಾತ್ರ ತೆಗೆಯಲಿಲ್ಲ. ಆ ಎರಡನೆಯವನ ಜಾಗದಲ್ಲಿ ನಿಲ್ಲಬೇಕಾಗಿದ್ದ ಬಲವಾದ ಮನುಷ್ಯನೊಬ್ಬನನ್ನು ಚಿತ್ರ ನೋಡುತ್ತಲೇ ಹಿಂದಕ್ಕೆ ಕಳುಹಿಸಿತು. ತಂದೆಯವರ ಡಿಪೋದಲ್ಲಿ ವ್ಯಾಪಾರಿಗಳು ಕಾಫಿ ಕುಡಿದು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ನಾನೊಬ್ಬನೇ ಮಾಡಿದ್ದೆನು.

ಕಟ್ಟೆಯವರ ದಸ್ತೂರಿ ಕಳೆದು ಆಕೆಯ ಕೈಗೆ 880 ಡಾಲರು ಬಂದಿತು. ನಷ್ಟವನ್ನು ಯಾವ ಬೆಲೆಯಿಂದ ಅಳೆಯಬೇಕೆಂದು ರಾತ್ರಿಯೆಲ್ಲ ಯೋಚಿಸಿದೆನು. ವ್ಯಾಪಾರಿಯ ಬೆಲೆಯಿಂದಾದರೆ ನಾನು ಕೊಡಬೇಕಾದುದು 120. ಮುಗಿದ ಹರಾಜುಗಳ ಬೆಲೆಯಿಂದಾದರೆ ಸಾವಿರಕ್ಕೂ ಹೆಚ್ಚು. ನಾನು ಆರಿಸಿಕೊಂಡುದು ಮೊದಲನೆಯ ಲೆಕ್ಕವನ್ನು. ವ್ಯಾಪಾರಿಯ ಚೀಟಿಯೊಂದೇ ನಿಜವಾಗಿ ಕೈಯಲ್ಲಿದ್ದ ಬೆಲೆ, ಉಳಿದುದು ಬೇರೆ ಕೋವಿಗಳ ಬೆಲೆ ಎಂದು ನನಗೆ ನಾನೇ ವಾದ ಹೂಡಿದೆನು. ಆ ವಾದ ಬಲವಾದುದೋ ಅಗ್ಗವಾದುದೋ, ಓದುಗರೇ ಹೇಳಬೇಕು. ನೋಟುಗಳನ್ನು ಲಕೋಟೆಯಲ್ಲಿಟ್ಟು ತೆಗೆದುಕೊಂಡು ಹೋದೆನು. ನಮ್ಮ ಊರಿನಲ್ಲಿಯಂತೆ, ಛೇ, ಎಲ್ಲಾದರೂ ಉಂಟೆ, ಎಂದು ಆಕೆ ನೂಕಿಬಿಡುವರೆಂದು ಎಣಿಸಿದ್ದೆನು. ಎರಡು ಸಲ ಬಲವಂತ ಮಾಡಲು ಮಾತುಗಳನ್ನೂ ಸಿದ್ಧಮಾಡಿಕೊಂಡಿದ್ದೆನು. ಆಕೆ ಲಕೋಟೆಯನ್ನು ತೆಗೆದುಕೊಂಡರು, ಕನ್ನಡಕ ಹಾಕಿಕೊಂಡು ಎಣಿಸಿದರು, ವಂದನೆ ಹೇಳಿದರು. ಒಂದು ಚೀಟಿಯ ಮೇಲೆ ಕೋವಿಯ ಬಾಬ್ತು 120 ಸಂದಿದೆಯೆಂದು ಬರೆದು ಸಹಿಮಾಡಿ ಕೊಟ್ಟರು. ನನಗೆ ನಾಚಿಕೆಯೂ ಆಯಿತು, ಹೇಗೋ ಹಗುರವೂ ಆಯಿತು. ಅಕ್ಟೋಬರಿನಲ್ಲಿ ನಾನು ಹೊರಡುವ ಮುನ್ನ ಮಾಡಿನ ಕೆಲಸ ಮುಗಿದಿತ್ತು.

ಕೊಂಡವನು, ವಸ್ತುವು ಬರೆದಿದ್ದಂತೆಯೇ ಇದೆ ಎಂದು ಒಂದು ಸಾಲು ಒಪ್ಪಿಗೆ ಬರೆದನು. ಹೊರಡುವ ಹಿಂದಿನ ದಿನ ಅಳಿಯಂದಿರನ್ನು ಕೇಳಿ ಮುಗಿದ ಹರಾಜುಗಳ ಪುಟವನ್ನು ಇನ್ನೊಮ್ಮೆ ತೆಗೆಸಿ ನೋಡಿದೆನು. 1894ರ ಮಾದರಿ, 1897ರಲ್ಲಿ ಮಾಡಿದ್ದು, 940 ಡಾಲರು ಎಂದು ನಮ್ಮ ಕೋವಿಯ ಸಾಲೂ ಅಲ್ಲಿ ಸೇರಿತ್ತು. ತಿಕ್ಕಿದ ಮಾತು ಒಳಗೆ, ವಿವರಣೆಯ ನಡುವೆ ಎಲ್ಲೋ ಇದೆ. ಅದನ್ನು ಯಾರು ತೆರೆದು ಓದುತ್ತಾರೆ? ಬೇರೊಂದು ಊರಿನಲ್ಲಿ, ಅಜ್ಜನ ಕೋವಿಯನ್ನು ಮಾರಬೇಕಾಗಿ ಬಂದ ಯಾರೋ ಒಬ್ಬರು ಆ ಅಂಕೆಯನ್ನು ನೋಡಿ, ಇಷ್ಟೇ ಅದರ ಬೆಲೆಯೆಂದು ಎಣಿಸಿ, ಬಾಗಿಲಲ್ಲಿ ನಿಂತ ವ್ಯಾಪಾರಿಗೆ ಕೊಟ್ಟುಬಿಟ್ಟಿರಬಹುದು.